ಕಾರ್ಖಾನೆ ನೀರು ಹರಿದ ಹೊಲವನ್ನು ಹರಳು (ಔಡಲ) ಬೆಳೆದು ಶುದ್ಧ ಮಾಡಬಹುದೇ?

ಮೈಸೂರಿನ ಹೊರವಲಯದ ಹೊಲ, ಹರಳಿನ ಜೊತೆ ಬ್ಯಾಕ್ಟೀರಿಯಾ ಹಾಕಿದರೆ ಸಾಕೇ ಎಂದು ಕೇಳಿದ್ದೀರಿ. ಮೊದಲು ಯಾವ ವಿಷ ಸೇರಿದೆ ಎಂದು ತಿಳಿಯಲೇಬೇಕು. ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಸೀಸ, ಕ್ಯಾಡ್ಮಿಯಂನಂಥ ವಿಷಕಾರಿ ಲೋಹಗಳನ್ನು ನೋಡುವುದಿಲ್ಲ. ಪ್ರತ್ಯೇಕವಾಗಿ ಕೇಳಿ ಮಾಡಿಸಿ.

ಡೀಸೆಲ್‌ನಂಥದ್ದಾದರೆ ಬೇರಿನ ಸುತ್ತಲ ಬ್ಯಾಕ್ಟೀರಿಯಾಗಳೇ ನಿಧಾನವಾಗಿ ತಿಂದು ಮುಗಿಸುತ್ತವೆ. ಲೋಹ ನಾಶವಾಗುವುದಿಲ್ಲ. ಗಿಡದ ಮೇಲ್ಭಾಗಕ್ಕೆ ಏರಬೇಕು, ಇಲ್ಲವೇ ಬೇರಿನಲ್ಲೇ ಉಳಿಯಬೇಕು. ಹರಳಿನಲ್ಲಿ ಹೆಚ್ಚಾಗಿ ಆಗುವುದು ಎರಡನೆಯದು. ವಿಷದ ಮಣ್ಣಿನಲ್ಲಿ ಗಿಡದೊಳಗೆ ಎಥಿಲೀನ್ ಎಂಬ ಹಾರ್ಮೋನು ಹೆಚ್ಚಾಗಿ ಬೇರು ಕುಗ್ಗುತ್ತದೆ. ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಎಥಿಲೀನ್ ಆಗಬೇಕಾದ ವಸ್ತುವನ್ನೇ ಒಡೆದುಹಾಕುವುದರಿಂದ ಬೇರು ಚೆನ್ನಾಗಿ ಇಳಿಯುತ್ತದೆ. ಅಂಗಡಿಯ ಎಲ್ಲ ಪ್ಯಾಕೆಟ್‌ನಲ್ಲೂ ಆ ಗುಣದ ತಳಿ ಇರುವುದಿಲ್ಲ, ವಿಚಾರಿಸಿ ತನ್ನಿ. ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹಾಕಬಹುದು.

ನನಗೆ ನಿಜವಾದ ಆತಂಕ ಹಿಂಡಿಯದು. ಎಣ್ಣೆಗೆ ಲೋಹ ಇಳಿಯುವುದು ಬಹಳ ಕಡಿಮೆ. ಬೀಜಕ್ಕೆ ಬಂದದ್ದು ಹೆಚ್ಚಾಗಿ ಹಿಂಡಿಯಲ್ಲೇ ಉಳಿಯುತ್ತದೆ. ಅದನ್ನು ಗೊಬ್ಬರವೆಂದು ಕಬ್ಬಿನ ಗದ್ದೆಗೆ ಹಾಕಿದರೆ ವಿಷ ಜಾಗ ಬದಲಿಸಿತು ಅಷ್ಟೇ. ಕಡ್ಡಿಯನ್ನು ಮನೆಯ ಒಲೆಗೆ ಹಾಕಬೇಡಿ, ಬೂದಿಯಲ್ಲಿ ಲೋಹ ಉಳಿಯುತ್ತದೆ. ಸಾಲಿನ ನಡುವೆ ಸೊಪ್ಪು, ಮೇವು ಬೇಡವೇ ಬೇಡ. ವರ್ಷಗಟ್ಟಲೆ ಹಿಡಿಯುವ ಕೆಲಸವಿದು, ಪ್ರತಿ ವರ್ಷ ಅದೇ ಜಾಗದ ಮಣ್ಣು ಪರೀಕ್ಷೆ ಮಾಡಿಸುತ್ತಿರಿ.