ಬಿಬಿಸಿ ಮೈಕ್ರೊದಲ್ಲಿ 80 ಕಾಲಂ ಕಲಸಿದ ಹಾಗೆ ಕಾಣುವುದಕ್ಕೆ

ತೊಂದರೆ ಇರುವುದು ಬಹುಶಃ ಕಂಪ್ಯೂಟರಿನಿಂದ ಟಿವಿಗೆ ಹಾಕಿದ ಆಂಟೆನಾ ಕೇಬಲಿನಲ್ಲಿ. ಬದಿಯಡ್ಕದ ಶಾಲೆಯಿಂದ ತಂದ ಬಿಬಿಸಿ ಮೈಕ್ರೊದಲ್ಲಿ (1980ರ ದಶಕದ ಬ್ರಿಟಿಷ್ ಕಂಪ್ಯೂಟರ್) 40 ಅಕ್ಷರದ ಸಾಲು ಚೆನ್ನಾಗಿದೆ, 80 ಮಾಡಿದರೆ ಟಿವಿಯಲ್ಲಿ ಓದಲಾಗುವುದಿಲ್ಲ ಅಂದಿರಿ, ಅಲ್ವಾ? ಆ ಕೇಬಲಿನಲ್ಲಿ ಅಷ್ಟು ಸಣ್ಣ ಅಕ್ಷರ ಸ್ಪಷ್ಟವಾಗಿ ಬರುವುದಿಲ್ಲ. ಕುಂಬಳೆಯಲ್ಲಿ ನನ್ನದಕ್ಕೂ ಹೀಗೇ ಆಗಿತ್ತು.

ಮೊದಲು ಹಿಂದುಗಡೆಯ ‘ವಿಡಿಯೊ ಔಟ್’ ಬಿಎನ್‌ಸಿ ಸಾಕೆಟ್‌ನಿಂದ (ತಿರುಗಿಸಿ ಕೂಡಿಸುವ ದುಂಡನೆಯದು) ಟಿವಿಯ ಹಳದಿ ಎವಿ ಸಾಕೆಟ್‌ಗೆ ವೈರ್ ಹಾಕಿ. ಚಿತ್ರ ಕಪ್ಪು-ಬಿಳುಪು ಬರುತ್ತದೆ, ಗಾಬರಿ ಬೇಡ. ಅಕ್ಷರಕ್ಕೆ ಅದೇ ಒಳ್ಳೆಯದು. ಆಮೇಲೆ 80 ಅಕ್ಷರದ ಸಾಲಿಗೆ ‘ಮೋಡ್ 3’ (MODE 3) ಟೈಪ್ ಮಾಡಿ ರಿಟರ್ನ್ ಒತ್ತಿ. ಮೋಡ್ 0ರಲ್ಲೂ 80 ಬರುತ್ತದೆ, ಆದರೆ ಅದು ಸುಮ್ನೆ 20 ಕೆ (ಕಿಲೋಬೈಟ್) ಮೆಮೊರಿ ತಿನ್ನುತ್ತದೆ, 3ಕ್ಕೆ 16 ಕೆ ಸಾಕು. ಮೆಮೊರಿ ಸಾಲದೆ ‘ಬ್ಯಾಡ್ ಮೋಡ್’ ಅಂತ ಬಂದರೆ ಪ್ರೋಗ್ರಾಂ ಸೇವ್ ಮಾಡಿ, ‘ನ್ಯೂ’ (NEW) ಕೊಟ್ಟು ಅದನ್ನು ಮೆಮೊರಿಯಿಂದ ತೆಗೆದು ಮತ್ತೆ ನೋಡಿ.

ಆಮೇಲೂ ಮಸುಕಿದ್ದರೆ ಟಿವಿಯದ್ದೇ ಮಿತಿ ಇರಬಹುದು, ನೋಡದೆ ಖಚಿತ ಹೇಳಲಾರೆ. ಆಗ ಹಳೆಯ ಆರ್‌ಜಿಬಿ ಮಾನಿಟರ್ (ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ತೆಗೆದುಕೊಳ್ಳುವುದು) ಹುಡುಕಿ. ಪಿಸಿಗೆ ಹಾಕುವ ಮಾಮೂಲಿ ವಿಜಿಎ ಮಾನಿಟರ್‌ಗೆ ನೇರ ಹಾಕಿದರೆ ಬರುವುದಿಲ್ಲ.