ನಿಂತ ಜೀಪಿಗೆ ಹೊರಗಿನಿಂದಲೇ ಚಾರ್ಜಿಂಗ್

ಪ್ರಶ್ನೆ: ನನ್ನ ಹತ್ತಿರ ಹಳೆಯ ಡೀಸೆಲ್ ಜೀಪ್ ಇದೆ ಸರ್. ಕೆಸರು, ಕಲ್ಲು ದಾರಿಗೆ ಹೋಗುವಾಗ ಮಾತ್ರ ತೆಗೆಯುತ್ತೇನೆ. ಉಳಿದಂತೆ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತಿರುತ್ತದೆ. ತೆಗೆಯಬೇಕೆಂದಾಗಲೆಲ್ಲ ಬ್ಯಾಟರಿ ಡೌನ್. ಪ್ರತಿ ಸಲ ಬಾನೆಟ್ ಎತ್ತಿ ಕ್ಲಿಪ್ ಹಾಕುವ ಬದಲು ಹೊರಗೇ ಒಂದು ಸಾಕೆಟ್ ಕೊಡಬಹುದಾ? ವಾರಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ಓಡಿಸಿದರೆ ಸಾಕು ಅಂತ ಗೆಳೆಯರು ಹೇಳುತ್ತಾರೆ. ಹೌದಾ?

ಉತ್ತರ: ಸಾಕೆಟ್ ಕೊಡಿ, ಒಳ್ಳೆಯ ಯೋಚನೆ. ಹತ್ತು ನಿಮಿಷದ ಲೆಕ್ಕ ಬಿಡಿ. ಡೀಸೆಲ್ ಎಂಜಿನ್ ಎಬ್ಬಿಸಲು ಸ್ಟಾರ್ಟರ್ ನೂರಾರು ಆಂಪಿಯರ್ ಎಳೆಯುತ್ತದೆ. ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲಿ ಓಡುವಾಗ, ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಕೊಡುವುದು ಕಡಿಮೆ. ಮೊದಲೇ ಇಳಿದಿರುವ ಬ್ಯಾಟರಿ ಅಷ್ಟರಲ್ಲಿ ತುಂಬುವುದಿಲ್ಲ. ಎಂಜಿನ್ನೂ ಸರಿಯಾಗಿ ಬಿಸಿಯಾಗದೆ ಆಯಿಲ್‌ನಲ್ಲಿ ತೇವ ಉಳಿಯುತ್ತದೆ.

ನಿಂತ ಗಾಡಿಯ ಬ್ಯಾಟರಿ ಯಾಕೆ ಇಳಿಯುತ್ತದೆ ಅಂದರೆ, ಕೀ ತೆಗೆದರೂ ಗಡಿಯಾರ, ಅಲಾರಂ, ಸ್ಟೀರಿಯೊ ಒಂದಿಷ್ಟು ಕರೆಂಟ್ ಕುಡಿಯುತ್ತಲೇ ಇರುತ್ತವೆ. 50 ಮಿಲಿಆಂಪಿಯರ್ ಅಂತ ಇಟ್ಟುಕೊಳ್ಳಿ. 24 ಗಂಟೆಗೆ ಗುಣಿಸಿದರೆ ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು. 60 ಆಂಪಿಯರ್-ಅವರ್‌ನ ಬ್ಯಾಟರಿ 25 ದಿನದಲ್ಲಿ ಅರ್ಧ ಖಾಲಿ. ಹಾಗೆ ಅರ್ಧಂಬರ್ಧ ಬಿದ್ದಿರುವುದೇ ಲೆಡ್-ಆಸಿಡ್ ಬ್ಯಾಟರಿಯನ್ನು ಕೊಲ್ಲುವುದು. ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೇ ಶಕ್ತಿ ಬರುವುದಿಲ್ಲ.

ಈಗ ಸಾಕೆಟ್ ವಿಷಯ. ಯಾವ ಚಾರ್ಜರ್ ತಗೊಳ್ಳಲಿ ಅಂತ ಎಲ್ಲರೂ ಕೇಳುತ್ತಾರೆ. ಆದರೆ ಕೆಲಸ ಮುಗಿದ ಮೇಲೆ ಚಾರ್ಜರನ್ನು ತೆಗೆದಿಡುತ್ತೀರಿ, ಅಲ್ವಾ? ಗಾಡಿಯಲ್ಲೇ ಉಳಿಯುವುದು ನೀವು ಎಳೆದ ವೈರ್. ನೀರು, ಕೆಸರು, ಕುಲುಕಾಟ ಎಲ್ಲ ಅದರ ಪಾಲಿಗೆ. ಮತ್ತು ಅದರಲ್ಲಿ ಸದಾ ಬ್ಯಾಟರಿಯ ಕರೆಂಟ್ ಇರುತ್ತದೆ.

ನನ್ನ ಹತ್ತಿರ ಬಂದ ಒಂದು ಗಾಡಿಯ ಸ್ಥಿತಿ ಹೇಳುತ್ತೇನೆ. ಬಂಪರ್ ಹತ್ತಿರ ಚೆಂದದ ಸಾಕೆಟ್. ಅದರ ಪಕ್ಕದಲ್ಲೇ ಫ್ಯೂಸ್. ವೈರ್ ಮಾತ್ರ ರೇಡಿಯೇಟರ್ ಪಕ್ಕದ ತಗಡಿನ ತೂತಿನಿಂದ ಬರಿಮೈಯಲ್ಲಿ ದಾಟಿತ್ತು. ತಗಡಿನ ಅಂಚು ಉಜ್ಜಿ ಉಜ್ಜಿ ಕೆಂಪು ವೈರಿನ ಸಿಪ್ಪೆ ಸವೆದು, ತಾಮ್ರ ಕಾಣುತ್ತಿತ್ತು. ಅಲ್ಲಿಂದ ಬ್ಯಾಟರಿಯವರೆಗೆ ವೈರ್ ಕರಗಿ ಕಪ್ಪಗೆ ಅಂಟಿಕೊಂಡಿತ್ತು. ಫ್ಯೂಸ್ ತೆಗೆದು ನೋಡಿದರೆ ಹೊಸದರಂತಿದೆ! ಶಾರ್ಟ್ ಆದದ್ದು ಫ್ಯೂಸಿಗೂ ಬ್ಯಾಟರಿಗೂ ನಡುವೆ. ಅದು ಹೇಗೆ ಕಾಪಾಡೀತು?

ಆದ್ದರಿಂದ ಫ್ಯೂಸ್ ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಇರಲೇಬೇಕು. ಇದೊಂದರಲ್ಲಿ ರಾಜಿ ಬೇಡ. 5 ಆಂಪಿಯರ್ ಚಾರ್ಜರ್ ಇದ್ದರೆ 7.5 ಅಥವಾ 10 ಆಂಪಿಯರ್ ಫ್ಯೂಸ್, 2.5 ಚದರ ಮಿಲಿಮೀಟರ್ ವೈರ್ ಧಾರಾಳ. ಫ್ಯೂಸ್ ಹೋಲ್ಡರ್ ನೀರು ಹೋಗದ ಮುಚ್ಚಳದ್ದಾಗಿರಲಿ. ವೈರಿನ ತುದಿಗೆ ಹಾಕುವ ಲೋಹದ ಲಗ್‌ಗಳನ್ನು ಸರಿಯಾದ ಇಕ್ಕಳದಲ್ಲಿ ಒತ್ತಿ ಕ್ರಿಂಪ್ ಮಾಡಿ. ಬರೀ ಬೆಸುಗೆ ಹಾಕಿದರೆ ಬೆಸುಗೆ ನಿಲ್ಲುವ ಜಾಗದಲ್ಲಿ ವೈರ್ ಬಿರುಸಾಗಿ, ಕುಲುಕಾಟಕ್ಕೆ ಅಲ್ಲೇ ತುಂಡಾಗುತ್ತದೆ. ತಗಡು ದಾಟುವ ಕಡೆ ತೂತಿನ ಅಂಚು ಮುಚ್ಚುವ ರಬ್ಬರ್ ಗ್ರೊಮೆಟ್, ಉದ್ದಕ್ಕೂ ಸುರುಳಿ ಪೈಪು. ಸೈಲೆನ್ಸರ್ ಪೈಪಿನಿಂದ, ಫ್ಯಾನಿನಿಂದ ದೂರ ಎಳೆದು ಅಲ್ಲಲ್ಲಿ ಕಟ್ಟಿ.

ನೆಗೆಟಿವ್ ವೈರನ್ನು ನಿಮ್ಮ ಹಳೇ ಜೀಪಿನಲ್ಲಿ ಬ್ಯಾಟರಿ ಟರ್ಮಿನಲ್‌ಗೇ ಕೊಡಬಹುದು. ಹೊಸ ಗಾಡಿಗಳಲ್ಲಿ ನೆಗೆಟಿವ್ ಟರ್ಮಿನಲ್ ಮೇಲೆ ಕರೆಂಟ್ ಅಳೆಯುವ ಸೆನ್ಸರ್ ಇದ್ದರೆ ಬಾಡಿಯ ಅರ್ಥ್ ಬೋಲ್ಟಿಗೆ ಕೊಡಬೇಕು. ಇಲ್ಲದಿದ್ದರೆ ಚಾರ್ಜ್ ಆಗಿದ್ದು ಗಾಡಿಯ ಲೆಕ್ಕಕ್ಕೇ ಸಿಗುವುದಿಲ್ಲ. ಬ್ಯಾಟರಿಯನ್ನು ಗಾಡಿಯಿಂದ ಬೇರ್ಪಡಿಸುವ ಕಟ್-ಆಫ್ ಸ್ವಿಚ್ ಇದ್ದರೆ ಸಾಕೆಟ್ಟಿನ ಎರಡೂ ವೈರ್ ಬ್ಯಾಟರಿಯ ಕಡೆಗೇ ಬರಲಿ. ಆಗ ಸ್ವಿಚ್ ಆಫ್ ಮಾಡಿಟ್ಟೂ ಚಾರ್ಜ್ ಮಾಡಬಹುದು. ಕೆಲಸ ಶುರು ಮಾಡುವಾಗ ನೆಗೆಟಿವ್ ಮೊದಲು ಬಿಚ್ಚಿ, ಕೊನೆಗೆ ಹಾಕಿ. ಪಾನಾ ಬಾಡಿಗೆ ತಗುಲಿದರೂ ಕಿಡಿ ಹಾರುವುದಿಲ್ಲ.

ಕನೆಕ್ಟರ್ ಎರಡು ಪಿನ್ನಿನ ಎಸ್‌ಎಇ ಮಾದರಿಯದು ಸಾಕು. ಅದರಲ್ಲಿ ಒಂದು ಪಿನ್ ಬಯಲಾಗಿರುತ್ತದೆ, ಇನ್ನೊಂದು ರಬ್ಬರ್ ಒಳಗೆ ಅಡಗಿರುತ್ತದೆ. ಗಾಡಿಯ ಕಡೆ ಅಡಗಿರುವುದು ಪಾಸಿಟಿವ್ ಆಗಿರಬೇಕು. ಉಲ್ಟಾ ಆದರೆ ಬಯಲಾಗಿರುವ ಪಿನ್ ಬಾಡಿಗೆ ತಾಗಿದ ಕೂಡಲೇ ಶಾರ್ಟ್. ಸಿಕ್ಕಿಸುವ ಮೊದಲು ಮಲ್ಟಿಮೀಟರ್ ಇಟ್ಟು ನೋಡಿ. ಸುಮ್ನೆ ವೈರಿನ ಬಣ್ಣ ನಂಬಬೇಡಿ.

ಎಲ್ಲಿ ಕೂರಿಸುವುದು? ಬಂಪರ್ ಕೆಳಗೆ ಬೇಡ, ಮೊದಲ ಹಳ್ಳದಲ್ಲೇ ಕೆಸರು ತುಂಬುತ್ತದೆ. ನನಗೆ ಇಷ್ಟವಾದ ಜಾಗ ಚಾಲಕನ ಬಾಗಿಲ ಹತ್ತಿರ, ನೀರು ಮುಟ್ಟದಷ್ಟು ಎತ್ತರದಲ್ಲಿ, ಬಾಯಿ ಕೆಳಮುಖವಾಗಿ. ಹತ್ತುವಾಗ ವೈರ್ ಕಣ್ಣಿಗೆ ಬೀಳುತ್ತದೆ, ಚಾರ್ಜರ್ ಎಳೆದುಕೊಂಡು ಹೋಗುವುದು ತಪ್ಪುತ್ತದೆ. ಮುಚ್ಚಳ ಹಾಕುವುದು ಮರೆಯಬೇಡಿ.

ಚಾರ್ಜರ್ ಆಟೊಮ್ಯಾಟಿಕ್ ಇರಲಿ. 14.4 ವೋಲ್ಟ್ ಆಸುಪಾಸು ತುಂಬಿಸಿ, ಆಮೇಲೆ 13.5ರ ಹತ್ತಿರ ಇಳಿದು ಕಾಯುವಂಥದ್ದು. ತಾನೇ ತಗ್ಗದ ಹಳೇ ಕಾಲದ ಚಾರ್ಜರನ್ನು ವಾರಗಟ್ಟಲೆ ಬಿಟ್ಟರೆ ಬ್ಯಾಟರಿಯ ನೀರು ಗ್ಯಾಸಾಗಿ ಆರುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಬರುತ್ತದೆ. ಶೆಡ್ಡಿನಲ್ಲಿ ಗಾಳಿ ಆಡಲಿ. ಚಾರ್ಜರ್ ಒಣ ಜಾಗದಲ್ಲಿರಲಿ, ಗಾಡಿಯವರೆಗೆ 12 ವೋಲ್ಟ್ ವೈರ್ ಮಾತ್ರ ಹೋಗಲಿ. ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ಬಿಟ್ಟು ಅಳೆದಾಗ 12.6 ತೋರಿಸಬೇಕು. 12.2 ಅಂದರೆ ಅರ್ಧಕ್ಕೇ ನಿಂತಿದೆ. ಹಾಗಾದರೆ ಬ್ಯಾಟರಿಯ ಮೇಲೆ ಭಾರ ಹಾಕಿ ಶಕ್ತಿ ಅಳೆಯುವ ಲೋಡ್ ಟೆಸ್ಟ್ ಮಾಡಿಸಿ.

ಪ್ರಶ್ನೆ: ನನ್ನ ಗಾಡಿ ನಿಲ್ಲುವ ಕಡೆ ಕರೆಂಟ್ ಇಲ್ಲ. ಇದೇ ಸಾಕೆಟ್‌ಗೆ ಸೋಲಾರ್ ಪ್ಯಾನೆಲ್ ಸಿಕ್ಕಿಸಬಹುದಾ? ಬೇಕಾದಾಗ ಜಂಪ್ ಸ್ಟಾರ್ಟ್‌ಗೂ ಆಗುತ್ತದಾ?

ಉತ್ತರ: ಸೋಲಾರ್ ಆಗುತ್ತದೆ. 20 ವ್ಯಾಟ್ ಪ್ಯಾನೆಲ್ ಇದ್ದರೂ ಬ್ಯಾಟರಿ ಇಳಿಯದಂತೆ ಹಿಡಿಯುತ್ತದೆ. ನಡುವೆ, ಬ್ಯಾಟರಿ ಅತಿಯಾಗಿ ಚಾರ್ಜ್ ಆಗದಂತೆ ತಡೆಯುವ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಪ್ಯಾನೆಲ್ ಜೊತೆ ಬರುವ ಎಸ್‌ಎಇ ವೈರಿನಲ್ಲಿ ಎಷ್ಟೋ ಸಲ ಪಾಸಿಟಿವ್-ನೆಗೆಟಿವ್ ಅದಲುಬದಲಾಗಿರುತ್ತದೆ. ಅಳೆದು ನೋಡಿ, ಬೇಕಾದರೆ ನಡುವೆ ಉಲ್ಟಾ ಮಾಡುವ ಅಡಾಪ್ಟರ್ ಹಾಕಿ. ಜಂಪ್ ಸ್ಟಾರ್ಟ್ ಮಾತ್ರ ಬೇಡವೇ ಬೇಡ. ಈ ವೈರಿಗೆ ಅಷ್ಟು ತಾಕತ್ತಿಲ್ಲ, ಫ್ಯೂಸ್ ತಕ್ಷಣ ಹೋಗುತ್ತದೆ. ಹೋಯಿತು ಅಂತ ದೊಡ್ಡ ಫ್ಯೂಸ್ ಹಾಕಿದರೆ ವೈರ್ ಸುಡುತ್ತದೆ. ಅದಕ್ಕೆ ದಪ್ಪ ಜಂಪರ್ ಕೇಬಲ್ ಬೇರೆಯೇ ಇಟ್ಟುಕೊಳ್ಳಿ.