ಕಾಸಾಬ್ಲಾಂಕಾದಲ್ಲಿ ಮನೆಗಿಂತ ಮೊದಲು ಬೀದಿ ನೋಡು

ತಂಗಿ,

ಗಂಡನಿಗೆ ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ ಗೊಬ್ಬರದ ಕಂಪನಿ ಕೆಲಸ ಸಿಕ್ಕಿದೆ, ಸದ್ಯದಲ್ಲೇ ಹೊರಡಬೇಕು ಅಂತ ಬರೆದಿದ್ದೀಯ. ಒಬ್ಬಳೇ ಓಡಾಡಬಹುದಾ, ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ, ಜನ ಹೇಗೆ, ಎಂಥ ಮನೆ ಹಿಡಿಯಬೇಕು ಅಂತ ಕೇಳಿದ್ದೀಯ. ಅಕ್ಕ ಅಂತ ಕರೆದಿದ್ದೀಯಲ್ಲ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ.

ನಾವೂ ಅದೇ ಗೊಬ್ಬರದ ನಂಟಿನಿಂದಲೇ ಇಲ್ಲಿಗೆ ಬಂದವರು. ಖುರಿಬ್ಗಾದಲ್ಲಿ ಅಗೆದ ಫಾಸ್ಫೇಟ್ ಜೋರ್ಫ್ ಲಾಸ್ಫರ್ ಬಂದರಿಗೆ ಹೋಗುತ್ತದೆ, ಅಲ್ಲಿಂದ ಹಡಗು ಹತ್ತಿ ನಮ್ಮ ದೇಶಕ್ಕೂ ಬರುತ್ತದೆ. ನಿಮ್ಮ ದಾವಣಗೆರೆ ಕಡೆಯ ಗದ್ದೆಗೆ ಎರಚುವ ಡಿಎಪಿಯಲ್ಲಿ ಈ ನೆಲದ ಪಾಲು ಇದ್ದರೂ ಇರಬಹುದು.

ಮೊದಲು ಮನೆ ವಿಷಯ. ಬಾಡಿಗೆ ಮನೆ ತೋರಿಸುವ ದಲ್ಲಾಳಿಗೆ ಇಲ್ಲಿ ಸಮ್ಸಾರ್ ಅನ್ನುತ್ತಾರೆ. ಅವನು ಬಾಲ್ಕನಿ ತೋರಿಸುತ್ತಾನೆ, ಹೊಸ ಅಡುಗೆಮನೆ ತೋರಿಸುತ್ತಾನೆ, ಸಮುದ್ರ ಕಾಣುತ್ತದೆ ನೋಡಿ ಅನ್ನುತ್ತಾನೆ. ಎಲ್ಲದಕ್ಕೂ ಹೂಂ ಅನ್ನು. ಆಮೇಲೆ ಕೆಳಗಿಳಿದು ಬೀದಿಯ ಈ ತುದಿಯಿಂದ ಆ ತುದಿವರೆಗೆ ನಡೆ. ಮೂಲೆಯಲ್ಲಿ ಹಾನೂತ್ ಅನ್ನುವ ಅಂಗಡಿ ಇದೆಯಾ? ನಿಂತ ಕಾರುಗಳನ್ನು ಕಾಯುವವನು ಇದ್ದಾನಾ? ಸಂಜೆ ಹೆಂಗಸರು ಮಕ್ಕಳು ಹೊರಗೆ ಕಾಣುತ್ತಾರಾ? ಇದ್ದರೆ ಮನೆ ಸ್ವಲ್ಪ ಹಳೆಯದಾದರೂ ಹಿಡಿ. ಊರಾಚೆಯ ಗೇಟು ಹಾಕಿದ ಹೊಸ ಬಡಾವಣೆಗಳಲ್ಲಿ ಇದು ಯಾವುದೂ ಇರುವುದಿಲ್ಲ. ಗಂಡ ಆಫೀಸಿಗೆ ಹೋದ ಮೇಲೆ ನೀನು ಗೋಡೆ ನೋಡುತ್ತಾ ಕೂರಬೇಕು.

ಹಾನೂತ್ ಅಂದರೆ ಮೂಲೆಯಂಗಡಿ. ನಡೆಸುವವರಲ್ಲಿ ಸುಮಾರು ಜನ ದಕ್ಷಿಣದ ಸೂಸ್ ಸೀಮೆಯವರು, ಅಮಾಜಿಗ್ ಅನ್ನುವ ಮೂಲನಿವಾಸಿ ಜನಾಂಗದವರು. ಅಂಗಡಿ ಅಂದರೆ ಒಂದು ಕಟ್ಟೆ, ಅದರ ಹಿಂದೆ ಸೂರಿನವರೆಗೂ ಸಾಮಾನು. ಒಂದೇ ಒಂದು ಮೊಟ್ಟೆ ಕೇಳಿದರೂ ಕೊಡುತ್ತಾನೆ. ಶಾಲೆಗೆ ಹೊರಟ ಹುಡುಗ ಚಿಲ್ಲರೆ ಕಟ್ಟೆ ಮೇಲಿಟ್ಟರೆ ರೊಟ್ಟಿ ಸೀಳಿ, ಚೀಸ್ ಸವರಿ, ಕಾಗದದಲ್ಲಿ ಸುತ್ತಿ ಕೈಗಿಡುತ್ತಾನೆ. ಗ್ಯಾಸ್ ಸಿಲಿಂಡರೂ ಅವನಲ್ಲೇ. 12 ಕಿಲೋದ್ದು 40 ದಿರ್ಹಂ ಇತ್ತು, 2024ರ ಮೇ ತಿಂಗಳಲ್ಲಿ 50 ಆಯಿತು. ಬುಕಿಂಗ್ ಇಲ್ಲ, ಓಟಿಪಿ ಇಲ್ಲ, ಖಾಲಿದು ಕೊಟ್ಟು ತುಂಬಿದ್ದು ತರುವುದಷ್ಟೆ. ಬೀದಿಯವರ ಸಾಲಕ್ಕೆ ಒಂದು ನೋಟುಬುಕ್ಕು ಇಟ್ಟಿರುತ್ತಾನೆ, ತಿಂಗಳ ಕೊನೆಗೆ ಲೆಕ್ಕ. ಎಷ್ಟೋ ಮನೆಯವರು ಹೊರಗೆ ಹೋಗುವಾಗ ಬೀಗದ ಕೈ ಅವನ ಹತ್ತಿರವೇ ಬಿಟ್ಟು ಹೋಗುತ್ತಾರೆ. ಸಾಮಾನು ಬೇಕಿರಲಿ ಬಿಡಲಿ, ಹಾದು ಹೋಗುವಾಗ ಅವನಿಗೆ ಒಂದು ಸಲಾಂ ಹೇಳು. ಇಲ್ಲಿ ಅಂಗಡಿಗೆ ಬಂದವಳು ಸೀದಾ "ಹಾಲು ಕೊಡಿ" ಅನ್ನುವುದಿಲ್ಲ. ಮೊದಲು ಸಲಾಂ, ಆಮೇಲೆ ಲಾ ಬಾಸ್, ಅಂದರೆ ಚೆನ್ನಾಗಿದ್ದೀರಾ. ಮನೆಯವರು ಹೇಗಿದ್ದಾರೆ, ಆರೋಗ್ಯ ಹೇಗಿದೆ, ಎಲ್ಲ ಆಗಬೇಕು. ಉತ್ತರಕ್ಕೆ ಯಾರೂ ಕಾಯುವುದಿಲ್ಲ, ಇಬ್ಬರೂ ಒಟ್ಟಿಗೇ ಕೇಳಿಕೊಳ್ಳುತ್ತಾರೆ. ಹಾಲು ಆಮೇಲೆ.

ಕಾರು ಕಾಯುವವನಿಗೆ ಹಳದಿ ಅಥವಾ ನೀಲಿ ಅಂಗಿ ಇರುತ್ತದೆ. ಹೊರಗಿನಿಂದ ಬಂದು ನಿಲ್ಲಿಸಿದವರು ಎರಡೋ ಮೂರೋ ದಿರ್ಹಂ ಕೊಡುತ್ತಾರೆ, ಬೀದಿಯವರು ತಿಂಗಳಿಗಿಷ್ಟು ಅಂತ ಮಾತಾಡಿಕೊಳ್ಳುತ್ತಾರೆ. ರಸ್ತೆ ಸರ್ಕಾರದ್ದು, ಇವನಿಗೇಕೆ ಕೊಡಬೇಕು ಅಂತ ವಾದಿಸುವವರನ್ನು ನೋಡಿದ್ದೇನೆ. ಸುಮ್ನೆ ಕೊಟ್ಟುಬಿಡು. ರಾತ್ರಿ ತಡವಾಗಿ ಬಂದಾಗ ನೀನು ಬಾಗಿಲು ತೆಗೆದು ಒಳಗೆ ಹೋಗುವವರೆಗೂ ನಿಂತು ನೋಡುವವನು ಅವನೇ.

ಇನ್ನೊಬ್ಬನನ್ನು ನೀನು ಹುಡುಕಬೇಕಾಗಿಲ್ಲ, ಅವನೇ ಬರುತ್ತಾನೆ. ಅವನು ಮುಖದ್ದಮ್, ಬಡಾವಣೆಯ ಮಟ್ಟದಲ್ಲಿ ಸರ್ಕಾರದ ಕಣ್ಣು ಕಿವಿ. ಯಾವ ಮನೆಗೆ ಯಾರು ಬಂದರು, ಯಾರು ಹೋದರು ಎಲ್ಲ ಅವನಿಗೆ ಗೊತ್ತು. ವಾಸದ ಕಾಗದ ಮಾಡಿಸುವಾಗ ಅವನ ಮಾತು ಬೇಕಾಗುತ್ತದೆ. ಇವನ್ಯಾರು ನನ್ನ ಕೇಳಲಿಕ್ಕೆ ಅಂತ ಮುಖ ಗಂಟು ಹಾಕಬೇಡ. ಬಾಡಿಗೆ ಕರಾರು ತೋರಿಸು, ಚಹಾ ಕೊಡು.

ಓಡಾಟದ ವಿಷಯ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಹಗಲು ಒಬ್ಬಳೇ ಎಲ್ಲಿಗೆ ಬೇಕಾದರೂ ಹೋಗಬಹುದು. ತಲೆಗೆ ಬಟ್ಟೆ ಕಟ್ಟಿದವರು, ಜೀನ್ಸ್ ಹಾಕಿದವರು, ಜೆಲ್ಲಾಬಾ ಅನ್ನುವ ಉದ್ದ ನಿಲುವಂಗಿ ತೊಟ್ಟವರು ಎಲ್ಲ ಒಟ್ಟಿಗೇ ಹೋಗುತ್ತಿರುತ್ತಾರೆ. ನಿನ್ನ ಚೂಡಿದಾರಕ್ಕೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಹುಡುಗರು ಹಿಂದಿನಿಂದ ಮಾತು ಎಸೆಯುತ್ತಾರೆ. 2018ರ ಸೆಪ್ಟೆಂಬರಿನಿಂದ ಬೀದಿ ಕಿರುಕುಳ ಕಾನೂನಿನ ಪ್ರಕಾರ ಅಪರಾಧ, ಹಾಗಂತ ನಿಂತೇನೂ ಹೋಗಿಲ್ಲ. ಇಲ್ಲಿನ ಹೆಂಗಸರು ತಿರುಗಿ ನೋಡದೆ ನಡೆಯುತ್ತಾರೆ. ಜಾಸ್ತಿಯಾದರೆ ಜೋರಾಗಿ ಗದರುತ್ತಾರೆ, ಆಗ ಅಕ್ಕಪಕ್ಕದ ಅಂಗಡಿಯವರು ಎದ್ದು ಬರುತ್ತಾರೆ. ಹಳೇ ಕಾಫಿ ಅಂಗಡಿಗಳಲ್ಲಿ ಗಂಡಸರೇ ಸಾಲಾಗಿ ರಸ್ತೆಗೆ ಮುಖ ಮಾಡಿ ಕೂತಿರುತ್ತಾರೆ, ಅಲ್ಲಿ ನಿನಗೆ ಹಿತ ಅನ್ನಿಸದು. ಮಾರಿಫ್, ಗೋತಿಯೆ ಕಡೆ ಹೆಂಗಸರೂ ಕೂರುವ ಜಾಗ ಬೇಕಾದಷ್ಟಿವೆ. ನುಸ್ ನುಸ್ ಕೇಳು, ಅರ್ಧ ಹಾಲು ಅರ್ಧ ಕಾಫಿ. ನಮ್ಮ ಫಿಲ್ಟರ್ ಕಾಫಿ ಅಲ್ಲ, ಆದರೂ ಕುಡಿಯಬಹುದು. ಫೋನ್ ಮಾತ್ರ ಕೈಯಲ್ಲಿ ಹಿಡಿದು ಫುಟ್‌ಪಾತಿನ ಅಂಚಿಗೆ ನಿಲ್ಲಬೇಡ. ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುತ್ತಾರೆ.

ಟ್ಯಾಕ್ಸಿ ಎರಡು ಥರ. ಊರೊಳಗೆ ಕೆಂಪು ಪುಟ್ಟ ಟ್ಯಾಕ್ಸಿ, ಮೂರು ಜನಕ್ಕಿಂತ ಹೆಚ್ಚು ಹತ್ತಿಸುವುದಿಲ್ಲ. ದಾರಿಯಲ್ಲಿ ಇನ್ನೊಬ್ಬರನ್ನೂ ಹತ್ತಿಸಿಕೊಳ್ಳುತ್ತಾನೆ, ಗಾಬರಿ ಬೇಡ, ಅದು ಇಲ್ಲಿನ ಪದ್ಧತಿ. ನೀನು ಹತ್ತುವಾಗ ಒಳಗೆ ಮೊದಲೇ ಜನ ಇದ್ದರೆ ಮೀಟರ್ ಎಷ್ಟಿದೆ ನೋಡಿಕೊ. ಕತ್ತಲಾದ ಮೇಲೆ ಒಂದೂವರೆ ಪಟ್ಟು. ಬಿಳಿ ದೊಡ್ಡ ಟ್ಯಾಕ್ಸಿ ಗೊತ್ತಾದ ದಾರಿಯಲ್ಲಿ ಜನ ತುಂಬಿಕೊಂಡು ಓಡುತ್ತದೆ. 2012ರಲ್ಲಿ ಶುರುವಾದ ಟ್ರಾಮ್ ಈಗ ನಾಲ್ಕು ದಾರಿಗಳಲ್ಲಿದೆ, ನಾನು ಹೆಚ್ಚಾಗಿ ಅದರಲ್ಲೇ ಹೋಗುವುದು. ಟ್ಯಾಕ್ಸಿಯವನು ನಿನ್ನನ್ನು ನೋಡಿದ ಕೂಡಲೇ "ಹಿಂದಿಯಾ?" ಅನ್ನುತ್ತಾನೆ, ಭಾರತದವಳಾ ಅಂತ. ಆಮೇಲೆ ಶಾರುಖ್ ಖಾನ್, ಅಮಿತಾಭ್ ಬಚ್ಚನ್ ಹೆಸರು ಬರುತ್ತವೆ, ಒಂದು ಹಳೇ ಹಿಂದಿ ಹಾಡೂ ಬರುತ್ತದೆ. ನಮ್ಮ ಭಾಷೆ ಕನ್ನಡ ಅಂತ ವಿವರಿಸುವಷ್ಟರಲ್ಲಿ ಇಳಿಯುವ ಜಾಗ ಬಂದಿರುತ್ತದೆ.

ತರಕಾರಿ ಮಾರುಕಟ್ಟೆಯಲ್ಲಿ ಒಂದು ತಲೆನೋವಿದೆ. ನೋಟಿನ ಮೇಲೆ ದಿರ್ಹಂ ಅಂತ ಇರುತ್ತದೆ, ಬಾಯಲ್ಲಿ ರಿಯಾಲ್. 20 ರಿಯಾಲಿಗೆ ಒಂದು ದಿರ್ಹಂ. ಟೊಮೆಟೊ ನೂರು ರಿಯಾಲ್ ಅಂದರೆ 5 ದಿರ್ಹಂ, ಹೆದರಬೇಡ. ನಮ್ಮಜ್ಜಿ ಕೊನೆವರೆಗೂ ನಾಲ್ಕಾಣೆ ಎಂಟಾಣೆ ಲೆಕ್ಕ ಬಿಡಲಿಲ್ಲವಲ್ಲ, ಹಾಗೇ ಇದೂ. ಕಾರು, ಮನೆಯ ಬೆಲೆ ಹೇಳುವಾಗ ಸಾಂತೀಮಿಗೆ, ಅಂದರೆ ದಿರ್ಹಂನ ನೂರನೇ ಪಾಲಿಗೆ ಹಾರುತ್ತಾರೆ. ಅಲ್ಲಿ ಒಂದು ಮಿಲಿಯನ್ ಅಂದರೆ 10,000 ದಿರ್ಹಂ. ಚೌಕಾಸಿ ಹಬೂಸ್ ಪೇಟೆಯಲ್ಲಿ, ಮದೀನಾ ಅನ್ನುವ ಹಳೇ ಊರೊಳಗೆ, ದರ್ಬ್ ಗಲ್ಲೆಫಿನ ಫೋನ್ ಸಂತೆಯಲ್ಲಿ ಮಾಡು. ಹಾನೂತಿನಲ್ಲಿ ಮಾಡಬೇಡ.

ಈಗ ಊಟ. ಇಲ್ಲಿ ಎಲ್ಲದರ ಜೊತೆಗೂ ಖೊಬ್ಜ್, ಅಂದರೆ ದುಂಡು ರೊಟ್ಟಿ. ಅದನ್ನು ಕಸಕ್ಕೆ ಹಾಕುವುದಿಲ್ಲ. ಒಣಗಿದ ತುಂಡುಗಳನ್ನು ಬೇರೆ ಚೀಲದಲ್ಲಿ ಕಟ್ಟಿ ಕಸದ ತೊಟ್ಟಿಯ ಪಕ್ಕ ನೇತುಹಾಕುತ್ತಾರೆ, ಗಾಡಿಯವನು ದನ ಕುರಿಗಳಿಗೆ ಒಯ್ಯುತ್ತಾನೆ. ನಮ್ಮ ಬೀದಿಯಲ್ಲಿ ಒಂದು ದಿನ ಸೂಟು ಹಾಕಿದ ಒಬ್ಬ ಬ್ಯಾಂಕಿನವನು ಆತುರಾತುರವಾಗಿ ಹೋಗುತ್ತಿದ್ದ. ದಾರಿಯಲ್ಲಿ ಅಂಗೈಯಗಲದ ರೊಟ್ಟಿ ಚೂರು ಬಿದ್ದಿತ್ತು. ಬಗ್ಗಿ ಎತ್ತಿದ, ತುಟಿಗೆ ಮುಟ್ಟಿಸಿದ, ಯಾರ ಕಾಲೂ ತಾಗದ ಹಾಗೆ ಕಿಟಕಿಯ ಕಟ್ಟೆ ಮೇಲಿಟ್ಟು ಮುಂದೆ ಹೋದ. ನೀನೂ ಹಳೇ ರೊಟ್ಟಿಗೆ ಬೇರೆ ಚೀಲ ಇಡು, ಅಕ್ಕಪಕ್ಕದವರು ಗಮನಿಸುತ್ತಾರೆ.

ಸಸ್ಯಾಹಾರ ಕಷ್ಟವಲ್ಲ, ಬಾಯಿ ಬಿಟ್ಟು ಹೇಳಬೇಕಷ್ಟೆ. ಬರೀ "ಮಾಂಸ ಬೇಡ" ಅಂದರೆ ಕೋಳಿ ತಂದಿಡುತ್ತಾರೆ. ಬ್ಲಾ ಲ್ಹಮ್, ಬ್ಲಾ ದ್ಜಾಜ್, ಬ್ಲಾ ಹೂತ್ ಅನ್ನು. ಮಾಂಸ, ಕೋಳಿ, ಮೀನು ಮೂರೂ ಬೇಡ ಅಂತ. ಅಷ್ಟು ಹೇಳಿದರೂ ಮಾಂಸ ಬೇಯಿಸಿದ ನೀರಿನಲ್ಲೇ ತರಕಾರಿ ಬೆಂದಿರಬಹುದು, ಅದನ್ನು ಬೇರೆಯಾಗಿ ಕೇಳಬೇಕು. ನಂಬಿ ತಿನ್ನಬಹುದಾದವೂ ಇವೆ. ಚಳಿಗಾಲದ ಬೆಳಗ್ಗೆ ಬಿಸಾರಾ, ಒಣ ಅವರೆಯಂಥ ಫಾವಾ ಕಾಳನ್ನು ಅರೆದು ಕುದಿಸಿ, ಮೇಲೆ ಆಲಿವ್ ಎಣ್ಣೆ, ಜೀರಿಗೆ ಪುಡಿ. ಬದನೆಕಾಯಿ ಬೇಯಿಸಿ ಮಸೆದ ಜಾಲೂಕ್. ಪದರ ಪದರ ಮ್ಸೆಮ್ಮೆನ್ ರೊಟ್ಟಿ, ತೂತು ತೂತಾದ ಬಘ್ರೀರ್ ದೋಸೆ. ಮ್ಸೆಮ್ಮೆನ್‌ಗೆ ಮನೆಯಲ್ಲಿ ಚಟ್ನಿಪುಡಿ ಹಚ್ಚಿಕೊಂಡು ತಿಂದು ನೋಡು.

ಶುಕ್ರವಾರ ಮಧ್ಯಾಹ್ನ ಊರೇ ಕುಸ್ಕುಸ್ ತಿನ್ನುತ್ತದೆ, ಅಂದರೆ ಹಬೆಯಲ್ಲಿ ಬೇಯಿಸಿದ ಸಣ್ಣ ರವೆ ಕಾಳು, ಮೇಲೆ ತರಕಾರಿ, ಮಾಂಸ. ನಮಾಜಿನ ಹೊತ್ತಿಗೆ ಅಂಗಡಿ ಬಾಗಿಲು ಮುಚ್ಚುತ್ತಾರೆ, ಆಮೇಲೆ ಎಲ್ಲರೂ ಮನೆಗೆ. ಬಿಲ್ಡಿಂಗ್ ಕಾಯುವವನಿಗೂ ಯಾವುದಾದರೂ ಮನೆಯಿಂದ ತಟ್ಟೆ ಇಳಿಯುತ್ತದೆ. ನಿನ್ನನ್ನೂ ಕರೆಯುತ್ತಾರೆ, ಅನುಮಾನವೇ ಇಲ್ಲ. ಅಲ್ಲೇ ನಮ್ಮಂಥವರಿಗೆ ಪರೀಕ್ಷೆ. ತಗ್ಗಾದ ದುಂಡು ಮೇಜು, ನಡುವೆ ಒಂದೇ ದೊಡ್ಡ ತಟ್ಟೆ, ಸುತ್ತ ಏಳೆಂಟು ಜನ. ಎಲ್ಲರೂ ಅದರಲ್ಲೇ. ಹಳೇ ಮನೆಗಳಲ್ಲಿ ನೀರಿಗೂ ಒಂದೇ ಲೋಟ, ಅದು ಕೈಯಿಂದ ಕೈಗೆ ದಾಟುತ್ತದೆ. ಎಂಜಲು ಮುಸುರೆ ಅಂತ ಕೇಳಿಕೊಂಡೇ ಬೆಳೆದವರು ನಾವು, ಕೈ ಮುಂದೆ ಹೋಗುವುದಿಲ್ಲ. ಆದರೆ ಸ್ವಲ್ಪ ಹೊತ್ತು ಕೂತು ನೋಡು. ಗೆರೆ ಎಳೆದವರಿಲ್ಲ, ಆದರೂ ತಟ್ಟೆಯಲ್ಲಿ ಪ್ರತಿಯೊಬ್ಬರಿಗೂ ತಮ್ಮ ಪಾಲು ಇದೆ. ಬಲಗೈ, ಅಥವಾ ಚಮಚ, ನಿನ್ನ ಮುಂದಿನದನ್ನು ಮಾತ್ರ ತೆಗೆಯುತ್ತದೆ. ಪಕ್ಕದವರ ಕಡೆಗೆ ಕೈ ಚಾಚಿದರೆ ಅವರ ಪ್ರಕಾರ ಅದೇ ದೊಡ್ಡ ಅಸಹ್ಯ. ಮನೆಯಾಕೆ ಒಳ್ಳೆ ಒಳ್ಳೆ ಕುಂಬಳಕಾಯಿ, ಗಜ್ಜರಿ, ಕಡಲೆಕಾಳುಗಳನ್ನು ನಿನ್ನ ಪಾಲಿನ ಕಡೆಗೆ ತಳ್ಳುತ್ತಾ ಇರುತ್ತಾಳೆ. ಮಾಂಸ ನಡುವೆ ಕೊನೆಗೆ ಉಳಿದಿರುತ್ತದೆ, ಅದನ್ನು ಆಕೆಯೇ ಹಂಚುತ್ತಾಳೆ. ಆಗ ಬೇಡ ಅಂದರಾಯಿತು. ಇದು ನಿನಗೆ ಆಗುವುದೇ ಇಲ್ಲ ಅಂದರೆ ಹಿಂದಿನ ದಿನವೇ ತಿಳಿಸು, ಬೇರೆ ತಟ್ಟೆಯಲ್ಲಿ ಬರೀ ತರಕಾರಿದು ಮಾಡಿಡುತ್ತಾರೆ. ತಟ್ಟೆ ಮುಂದೆ ಕೂತು ಮುಖ ಹಿಂಡಬೇಡ, ಅದು ಅವರಿಗೆ ತುಂಬ ನೋವಾಗುವ ವಿಷಯ. ಹೋಗುವಾಗ ಬರಿಗೈಲಿ ಹೋಗಬೇಡ. ಹಣ್ಣು ಆಗುತ್ತದೆ. ಮದುವೆ, ಮಗು, ಸಾವು ಇದ್ದ ಮನೆಗಾದರೆ ಕಾಗದ ಸುತ್ತಿದ ಗೋಪುರದಾಕಾರದ 2 ಕಿಲೋ ಸಕ್ಕರೆ ಗಟ್ಟಿ ಒಯ್ಯುತ್ತಾರೆ.

ಹಮ್ಮಾಮಿಗೆ, ಅಂದರೆ ಊರವರ ಬಿಸಿನೀರಿನ ಸ್ನಾನದ ಮನೆಗೆ, ಪಕ್ಕದ ಮನೆಯಾಕೆ ಜೊತೆ ಒಮ್ಮೆ ಹೋಗು. ಹೆಂಗಸರಿಗೆ ಬೇರೆ ಕಡೆ ಅಥವಾ ಬೇರೆ ಹೊತ್ತು ಇರುತ್ತದೆ. ಬಕೆಟ್, ಕಪ್ಪು ಸಾಬೂನು, ಕೆಸ್ಸಾ ಅನ್ನುವ ಮೈ ಉಜ್ಜುವ ಒರಟು ಕೈಗವಸು ಇವಿಷ್ಟು ಬೇಕು. ಗುರುತಿಲ್ಲದವಳು ಬಂದು ನನ್ನ ಬೆನ್ನು ಉಜ್ಜುತ್ತೀಯಾ ಅನ್ನುತ್ತಾಳೆ, ಆಮೇಲೆ ನಿನ್ನದನ್ನು ಉಜ್ಜುತ್ತಾಳೆ. ಬೀದಿಯ ಸುದ್ದಿಯೆಲ್ಲ ಅಲ್ಲೇ ಸಿಗುವುದು. 2024ರ ಬರದಲ್ಲಿ ನೀರು ಉಳಿಸಲು ವಾರಕ್ಕೆ ಮೂರು ದಿನ ಹಮ್ಮಾಮ್ ಮುಚ್ಚಿಸಿದ್ದರು. ಆಗ ಹೆಂಗಸರ ಗೊಣಗಾಟ ಕೇಳಬೇಕಿತ್ತು.

ರಂಜಾನ್‌ನಲ್ಲಿ ಗಡಿಯಾರವೇ ಬದಲಾಗುತ್ತದೆ. 2018ರಿಂದ ಇಲ್ಲಿ ವರ್ಷವಿಡೀ ಒಂದೇ ಸಮಯ, ಊರಿಗಿಂತ ನಾಲ್ಕೂವರೆ ಗಂಟೆ ಹಿಂದೆ. ರಂಜಾನ್ ತಿಂಗಳು ಮಾತ್ರ ಐದೂವರೆ. ಅಮ್ಮನಿಗೆ ಫೋನ್ ಮಾಡುವಾಗ ನೆನಪಿರಲಿ. ಹಗಲು ಹೊರಗೆ ತಿನ್ನುವುದು, ಕುಡಿಯುವುದು ಬೇಡ. ಮುಸ್ಲಿಮರು ಸಾರ್ವಜನಿಕವಾಗಿ ಉಪವಾಸ ಮುರಿದರೆ ಕಾನೂನಿನಲ್ಲಿ ಶಿಕ್ಷೆ ಇದೆ. ನಮಗದು ಅನ್ವಯಿಸದು, ಆದರೂ ಹಸಿದವರ ಮುಂದೆ ತಿನ್ನಬಾರದು, ಅಲ್ವಾ? ಸೂರ್ಯ ಮುಳುಗುವ ಮುಂಚಿನ ಒಂದು ಗಂಟೆ ರಸ್ತೆಗಿಳಿಯಬೇಡ. ಎಲ್ಲರಿಗೂ ಹಸಿವು, ಎಲ್ಲರಿಗೂ ಅವಸರ, ಸಣ್ಣದಕ್ಕೂ ಜಗಳ.

ಬಕ್ರೀದ್ ನಿನಗೆ ಕಷ್ಟವಾಗಬಹುದು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲೇ ಕುರಿ ಕಟ್ಟುತ್ತಾರೆ, ಹಬ್ಬದ ದಿನ ಹುಡುಗರು ಬೀದಿಯಲ್ಲೇ ಬೆಂಕಿ ಹಾಕಿ ತಲೆ ಸುಡುತ್ತಾರೆ. 2025ರಲ್ಲಿ ಬರದಿಂದ ಕುರಿಗಳು ಕಡಿಮೆಯಾಗಿ, ಬಲಿ ಕೊಡಬೇಡಿ ಅಂತ ದೊರೆಯೇ ಜನರನ್ನು ಕೇಳಿಕೊಂಡಿದ್ದರು. ಮಿಕ್ಕ ವರ್ಷಗಳಲ್ಲಿ ನನಗೆ ಗೊತ್ತಿರುವ ಸಸ್ಯಾಹಾರಿ ಮನೆಯವರು ಆ ಎರಡು ದಿನ ಬೇರೆ ಊರಿನ ಹೋಟೆಲಿಗೆ ಹೋಗುತ್ತಾರೆ. ನನಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ದೊರೆ, ಧರ್ಮ, ಪಶ್ಚಿಮ ಸಹಾರಾದ ವಿವಾದ, ಈ ಮೂರರ ಬಗ್ಗೆ ವಾದಕ್ಕೆ ಇಳಿಯಬೇಡಿ, ನಿನ್ನ ಗಂಡನಿಗೂ ಹೇಳು. ಪೊಲೀಸರ ಫೋಟೊ ತೆಗೆಯಬೇಡಿ. ಮಸೀದಿ ಒಳಗೆ ನೋಡಬೇಕೆಂದರೆ ಸಮುದ್ರದ ದಂಡೆಯ ಎರಡನೇ ಹಸನ್ ಮಸೀದಿಗೆ ಹೋಗಿ. ಅಲ್ಲಿ ಗೈಡ್ ಜೊತೆ ಎಲ್ಲ ಧರ್ಮದವರನ್ನೂ ಬಿಡುತ್ತಾರೆ, ಬೀದಿಯ ಮಸೀದಿಗಳಲ್ಲಿ ಬಿಡುವುದಿಲ್ಲ. ಫುಟ್‌ಬಾಲಿನಲ್ಲಿ ವಿದಾದ್ ತಂಡವೋ ರಜಾ ತಂಡವೋ ಅಂತ ಯಾರಾದರೂ ಕೇಳಿದರೆ, ಕೇಳಿದವನ ಅಂಗಿ ಕೆಂಪಾ ಹಸಿರಾ ನೋಡಿಕೊಂಡು ಉತ್ತರ ಹೇಳಿ.

ಸಾಮಾನಿನ ವಿಷಯ. ಜೀರಿಗೆ, ಅರಿಸಿನ, ಕೊತ್ತಂಬರಿ, ಬೆಂಡೆಕಾಯಿ, ಕಡಲೆಕಾಳು, ಮಸೂರ್ ಬೇಳೆ ಎಲ್ಲ ಇಲ್ಲೇ ಸಿಗುತ್ತವೆ, ಚೀಲದಲ್ಲಿ ಅವಕ್ಕೆ ಜಾಗ ಕೊಡಬೇಡ. ತೊಗರಿಬೇಳೆ, ಇಂಗು, ಸಾಸಿವೆ, ಹುಣಸೆಹಣ್ಣು, ಒಣಗಿಸಿದ ಕರಿಬೇವು ತಾ. ಕರೆಂಟಿನ ವೋಲ್ಟೇಜು ಹೆಚ್ಚುಕಡಿಮೆ ನಮ್ಮಲ್ಲಿಯಷ್ಟೇ, ಹಾಗಾಗಿ ಮಿಕ್ಸಿ ಧಾರಾಳವಾಗಿ ತರಬಹುದು. ಪಿನ್ನು ಮಾತ್ರ ಯುರೋಪಿನ ಎರಡು ಕಡ್ಡಿಯದು. ನಮ್ಮ ದಪ್ಪ ಮೂರು ಪಿನ್ನಿಗೆ ಹೊಂದುವ ಅಡಾಪ್ಟರ್ ಇಲ್ಲಿ ಹುಡುಕುವುದು ಕಷ್ಟ, ಬೆಂಗಳೂರಿನಲ್ಲೇ ಎರಡು ಮೂರು ಕೊಂಡು ಬಾ.